ಥೈರಾಯ್ಡ್ ಇರುವ ಮಕ್ಕಳ ರಕ್ತದಲ್ಲಿ ಟಿ-ಕೋಶಗಳ ಎಣಿಕೆ: ನಾವು ಮಾಡುವ ರೀತಿ

ಹಾಶಿಮೊಟೊ ಥೈರಾಯ್ಡೈಟಿಸ್ (ದೇಹದ ರೋಗನಿರೋಧಕ ಕೋಶಗಳೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಕಾಯಿಲೆ) ಇರುವ ಮಗುವಿನ ರಕ್ತದಲ್ಲಿ ‘ಟಿ-ರೆಗ್ ಕಡಿಮೆ’, ಅಂದರೆ ಇತರ ರೋಗನಿರೋಧಕ ಕೋಶಗಳನ್ನು ಹತೋಟಿಯಲ್ಲಿಡುವ ಟಿ-ಕೋಶ ಕಡಿಮೆ, ಎಂಬ ರಿಪೋರ್ಟ್ ಬಂದರೆ ನಾವು ಮೊದಲು ಕೇಳುವುದು ಮೂರು ಪ್ರಶ್ನೆ. ಮಗುವಿಗೆ ವಯಸ್ಸೆಷ್ಟು? ರಕ್ತ ತೆಗೆದ ಎಷ್ಟು ಹೊತ್ತಿಗೆ ಸ್ಟೇನ್ ಮಾಡಿದರು, ಅಂದರೆ ಹೊಳೆಯುವ ಡೈ ಅಂಟಿಸಿದ ಆ್ಯಂಟಿಬಾಡಿ ಹಾಕಿ ಕೋಶಗಳನ್ನು ಗುರುತು ಮಾಡಿದರು? ಕೋಶದ ಮೇಲ್ಮೈಯಲ್ಲಿರುವ ಸಿಡಿ25 ಪ್ರೋಟೀನ್‌ನ ಗೇಟ್ (‘ಇದೆ’, ‘ಇಲ್ಲ’ ಎಂದು ಬೇರ್ಪಡಿಸುವ ಗೆರೆ) ಎಲ್ಲಿ ಹಾಕಿದರು? ಇವುಗಳಲ್ಲಿ ಒಂದು ಆಚೀಚೆಯಾದರೂ ಸಾಕು, ಕಾಯಿಲೆಯ ಹಂಗೇ ಇಲ್ಲದೆ ಸಂಖ್ಯೆ ಬದಲಾಗುತ್ತದೆ.

1912ರಲ್ಲಿ ಹಕಾರು ಹಾಶಿಮೊಟೊ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಯಲ್ಲಿ ಕಂಡದ್ದು ಲಿಂಫೋಸೈಟ್‌ಗಳ (ಟಿ-ಕೋಶ, ಬಿ-ಕೋಶ ಸೇರಿದ ಬಿಳಿ ರಕ್ತಕಣಗಳ) ದಟ್ಟಣೆ. ಕಾಯಿಲೆ ನಡೆಯುವುದು ಅಲ್ಲಿ, ಗ್ರಂಥಿಯೊಳಗೆ. ಆದರೆ ಗಂಟಿನ ಅನುಮಾನವಿಲ್ಲದೆ ಮಗುವಿನ ಕುತ್ತಿಗೆಗೆ ಸೂಜಿ ಹಾಕುವಂತಿಲ್ಲ. ಹಾಗಾಗಿ ತೋಳಿನ ರಕ್ತವೇ ಗತಿ. ಅದು ಒಳಗಿನ ಕಥೆಯನ್ನು ಪೂರ್ತಿ ಹೇಳುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಬೇಕು.

ಮಕ್ಕಳನ್ನು ಆರಿಸುವಾಗ ಥೈರಾಯ್ಡ್ ವಿರುದ್ಧದ ಟಿಪಿಒ ಮತ್ತು ಥೈರೋಗ್ಲೋಬ್ಯುಲಿನ್ ಆ್ಯಂಟಿಬಾಡಿ, ಟಿಎಸ್‌ಎಚ್, ಫ್ರೀ ಟಿ4, ಅಲ್ಟ್ರಾಸೌಂಡ್ ನೋಡುತ್ತೇವೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯ ಅನುಮಾನವಿದ್ದರೆ ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಕೂಡ. ಎರಡನ್ನೂ ಒಂದೇ ಗುಂಪಿಗೆ ಸೇರಿಸುವುದಿಲ್ಲ. ಗ್ರೇವ್ಸ್ ಮಕ್ಕಳ ರಕ್ತವನ್ನು ಕಾರ್ಬಿಮಜೋಲ್ ಶುರುವಾಗುವ ಮುಂಚೆ ತೆಗೆಯುತ್ತೇವೆ, ಏಕೆಂದರೆ ಆ ಮಾತ್ರೆ ರೋಗನಿರೋಧಕ ಕೋಶಗಳ ಮೇಲೂ ಪರಿಣಾಮ ಬೀರುತ್ತದೆ. ಎರಡು ವಾರದೊಳಗೆ ಜ್ವರ, ನಾಲ್ಕು ವಾರದೊಳಗೆ ಲಸಿಕೆ, ಇತ್ತೀಚೆಗೆ ಸ್ಟೀರಾಯ್ಡ್ ಆಗಿದ್ದರೆ ಮುಂದಕ್ಕೆ ಹಾಕುತ್ತೇವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು, ನಿಜ. ಆದರೆ ಅವರ ಥೈಮಸ್ ಮತ್ತು ಬಿ-ಕೋಶಗಳು ಹುಟ್ಟಿನಿಂದಲೇ ಬೇರೆ ರೀತಿ ಇರುತ್ತವೆ. ಅವರನ್ನು ಬೇರೆಯೇ ಇಡಬೇಕು.

ರಕ್ತ ತೆಗೆಯುವುದು ಬೆಳಿಗ್ಗೆ 8ರಿಂದ 10ರ ನಡುವೆ ಮಾತ್ರ. ಕಾರ್ಟಿಸಾಲ್ ಏರಿಳಿತದ ಜತೆ ಲಿಂಫೋಸೈಟ್ ಎಣಿಕೆಯೂ ಏರಿಳಿಯುತ್ತದೆ. ರಾತ್ರಿ ಹೆಚ್ಚು, ಬೆಳಿಗ್ಗೆ ಕಡಿಮೆ. ಒಂದು ಮಗುವಿನದು ಬೆಳಿಗ್ಗೆ, ಇನ್ನೊಂದರದು ಸಂಜೆ ತೆಗೆದರೆ ಹೋಲಿಕೆಗೆ ಅರ್ಥವಿಲ್ಲ. 2ರಿಂದ 3 ಮಿ.ಲೀ. ಸಾಕು. ಟಿ-ರೆಗ್ ಅಷ್ಟೇ ನೋಡುವುದಾದರೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬ್ ನಡೆಯುತ್ತದೆ. ಟಿಎಚ್17 (ಐಎಲ್-17 ಎಂಬ ಉರಿಯೂತದ ಪ್ರೋಟೀನ್ ಬಿಡುವ ಟಿ-ಕೋಶ) ಬೇಕಾದರೆ ಹೆಪಾರಿನ್ ಟ್ಯೂಬೇ ಬೇಕು. ಇಡಿಟಿಎ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಕೋಶಗಳನ್ನು ಎಚ್ಚರಿಸುವ ಹಂತವೇ ಕೆಡುತ್ತದೆ. ಟ್ಯೂಬನ್ನು ಫ್ರಿಜ್‌ನಲ್ಲಿ ಇಡಬಾರದು. ಕೋಣೆಯ ಉಷ್ಣತೆಯಲ್ಲಿಟ್ಟು ಆರು ಗಂಟೆಯೊಳಗೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ.

ರಕ್ತಕ್ಕೆ ಸಮಪ್ರಮಾಣ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಬೆರೆಸಿ, 1.077 ಸಾಂದ್ರತೆಯ ಫೈಕಾಲ್ (ಕೋಶಗಳನ್ನು ಸಾಂದ್ರತೆಯ ಪ್ರಕಾರ ಬೇರ್ಪಡಿಸುವ ದ್ರವ) ಮೇಲೆ ಟ್ಯೂಬ್ ಓರೆ ಮಾಡಿ ನಿಧಾನವಾಗಿ ಇಳಿಸಬೇಕು. ಸೆಂಟ್ರಿಫ್ಯೂಜ್‌ನಲ್ಲಿ 400 ಜಿ (ಗುರುತ್ವದ 400 ಪಟ್ಟು), 30 ನಿಮಿಷ, 20 ಡಿಗ್ರಿ, ಬ್ರೇಕ್ ಆಫ್. ‘ಕೋಣೆಯ ಉಷ್ಣತೆ’ ಎಂಬ ಮಾತು ನಮ್ಮ ಕಡೆ ಮೋಸ ಮಾಡುತ್ತದೆ: ಮೇ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಎಸಿ ಇಲ್ಲದ ಕೋಣೆ 35 ಡಿಗ್ರಿ ದಾಟಿರುತ್ತದೆ. ಫೈಕಾಲ್ ಬಿಸಿಯಾದರೆ ಸಾಂದ್ರತೆ ಇಳಿದು ಲಿಂಫೋಸೈಟ್‌ಗಳು ತಳಕ್ಕೆ ಹೋಗುತ್ತವೆ. ಫ್ರಿಜ್‌ನಿಂದ ನೇರ ತೆಗೆದು ಬಳಸಿದರೆ ತಿರುಗುಮುರುಗು: ಗ್ರಾನ್ಯುಲೋಸೈಟ್‌ಗಳು (ಇನ್ನೊಂದು ಬಗೆಯ ಬಿಳಿ ರಕ್ತಕಣಗಳು) ಲಿಂಫೋಸೈಟ್ ಇರುವ ಬಿಳಿ ಪದರಕ್ಕೆ ಸೇರಿಕೊಳ್ಳುತ್ತವೆ. ಪದರ ಎತ್ತಿದ ಮೇಲೆ ಎರಡು ಸಲ ತೊಳೆಯುತ್ತೇವೆ. ಎರಡನೆಯದು 200 ಜಿಯಲ್ಲಿ, ಪ್ಲೇಟ್‌ಲೆಟ್ ಹೋಗಲೆಂದು.

ಟಿ-ರೆಗ್‌ಗೆ ಟ್ಯೂಬಿಗೆ 10 ಲಕ್ಷ ಕೋಶ. ಸತ್ತ ಕೋಶ ಗುರುತಿಸುವ ಫಿಕ್ಸಬಲ್ ಡೈ ಮೊದಲು, ಅದೂ ಪ್ರೋಟೀನ್ ಇಲ್ಲದ ಪಿಬಿಎಸ್‌ನಲ್ಲಿ. ಸೀರಮ್ ಇದ್ದರೆ ಡೈ ಅದಕ್ಕೇ ಅಂಟಿಕೊಂಡು ಮುಗಿದುಹೋಗುತ್ತದೆ. ಆಮೇಲೆ ಕೋಶದ ಮೇಲ್ಮೈಯ ಗುರುತುಗಳಾದ ಸಿಡಿ3, ಸಿಡಿ4, ಸಿಡಿ25, ಸಿಡಿ127, ಸಿಡಿ45ಆರ್‌ಎ (ಇನ್ನೂ ಕೆರಳದ ಕೋಶದ ಗುರುತು) ಹಿಡಿಯುವ ಆ್ಯಂಟಿಬಾಡಿಗಳು: ಕತ್ತಲಲ್ಲಿ 30 ನಿಮಿಷ. ಟಿ-ರೆಗ್‌ನ ಮುಖ್ಯ ಗುರುತಾದ ಫಾಕ್ಸ್‌ಪಿ3 ಪ್ರೋಟೀನ್ ನ್ಯೂಕ್ಲಿಯಸ್‌ನಲ್ಲಿರುವುದರಿಂದ ಅದಕ್ಕೆಂದೇ ಬರುವ ಬಫರ್‌ನಲ್ಲಿ 45 ನಿಮಿಷ ಫಿಕ್ಸ್ ಮಾಡಿ, ಪೊರೆಯಲ್ಲಿ ತೂತು ಮಾಡುವ ಪರ್ಮ್ ಬಫರ್‌ನಲ್ಲಿ ಎರಡು ಸಲ ತೊಳೆದು, ಅದೇ ಬಫರ್‌ನಲ್ಲಿ ಆ್ಯಂಟಿಬಾಡಿ ಹಾಕುತ್ತೇವೆ. ಹೊಸಬರು ಕೋಶ ಕಳೆದುಕೊಳ್ಳುವುದು ಇಲ್ಲೇ. ಫಿಕ್ಸ್ ಆದ ಕೋಶ 300 ಜಿಗೆ ಸರಿಯಾಗಿ ಕೆಳಗೆ ಕೂರುವುದಿಲ್ಲ, ಬಗ್ಗಿಸಿದಾಗ ನೀರಿನ ಜತೆ ಸಿಂಕಿಗೆ ಹೋಗುತ್ತದೆ. 500ರಿಂದ 600 ಜಿ ಕೊಡಬೇಕು. ಪಿಇ-ಸೈ7ರಂಥ ಜೋಡಿ ಡೈಗಳು ಬೆಳಕಿಗೂ ಫಿಕ್ಸೇಟಿವ್‌ಗೂ ಒಡೆದು ಪಿಇ ಚಾನೆಲ್‌ನಲ್ಲಿ ಸುಳ್ಳು ಸಿಗ್ನಲ್ ಕೊಡುತ್ತವೆ. ಅದೇ ದಿನ ಫ್ಲೋ ಸೈಟೋಮೀಟರ್‌ಗೆ (ಡೈ ಹೊಳಪು ಓದಿ ಕೋಶ ಎಣಿಸುವ ಮಷೀನಿಗೆ) ಹಾಕುವುದು ಕ್ಷೇಮ.

ಟಿಎಚ್17ಗೆ ಕೋಶಗಳನ್ನು ಎಚ್ಚರಿಸಲು ಪಿಎಂಎ 50 ನ್ಯಾನೋಗ್ರಾಂ, ಅಯನೋಮೈಸಿನ್ 1 ಮೈಕ್ರೋಗ್ರಾಂ, ಎರಡೂ ಪ್ರತಿ ಮಿ.ಲೀ.ಗೆ, ಜತೆಗೆ ಐಎಲ್-17 ಹೊರಹೋಗದೆ ಕೋಶದೊಳಗೇ ಉಳಿಯಲೆಂದು ಬ್ರೆಫೆಲ್ಡಿನ್. 37 ಡಿಗ್ರಿಯಲ್ಲಿ ನಾಲ್ಕೈದು ಗಂಟೆ. ಪಿಎಂಎ ಸಿಡಿ4 ಅನ್ನು ಕೋಶದ ಮೇಲ್ಮೈಯಿಂದ ಇಳಿಸಿಬಿಡುತ್ತದೆ. ‘ಸಿಡಿ4 ಕೋಶವೇ ಕಾಣುತ್ತಿಲ್ಲ’ ಎಂದು ಗಾಬರಿಯಾಗದೆ ಸಿಡಿ3 (ಎಲ್ಲ ಟಿ-ಕೋಶಗಳ ಗುರುತು) ಇದ್ದು ಸಿಡಿ8 (ಇನ್ನೊಂದು ಬಗೆಯ ಟಿ-ಕೋಶದ ಗುರುತು) ಇಲ್ಲದವನ್ನು ತೆಗೆದುಕೊಂಡು ಐಎಲ್-17ಎ ನೋಡಬೇಕು.

ಎಷ್ಟು ಕೋಶ ಓದಿಸಬೇಕು? 100 ಕೋಶ ಎಣಿಸಿದರೆ ಎಣಿಕೆಯ ಏರುಪೇರೇ 10 ಶೇಕಡ, 400 ಆದರೆ 5 ಶೇಕಡ. ಟಿಎಚ್17 ಸಿಡಿ4ರಲ್ಲಿ 1 ಶೇಕಡ, ಸಿಡಿ4 ಲಿಂಫೋಸೈಟ್‌ಗಳಲ್ಲಿ 40 ಶೇಕಡ ಎಂದಿಟ್ಟುಕೊಂಡರೆ 400 ಸಿಗಲು ಒಂದು ಲಕ್ಷ ಲಿಂಫೋಸೈಟ್ ಬೇಕು. ಹತ್ತು ಸಾವಿರಕ್ಕೆ ನಿಲ್ಲಿಸಿದ ಫೈಲ್‌ಗಳ ಮೇಲೆ ಬರೆದ ತೀರ್ಮಾನಗಳನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಗೇಟ್ ವಿಷಯ ಇನ್ನೂ ಸೂಕ್ಷ್ಮ. ಸಿಡಿ25 ಇಲ್ಲ, ಇದೆ ಎಂದು ಎರಡು ಗುಂಪಾಗಿ ಒಡೆಯುವುದಿಲ್ಲ, ಎಳೆದಂತೆ ಹರಡಿಕೊಂಡಿರುತ್ತದೆ. ಕೆರಳಿದ ಸಾಮಾನ್ಯ ಟಿ-ಕೋಶದಲ್ಲೂ ಸಿಡಿ25 ಇರುತ್ತದೆ. ಮನುಷ್ಯರಲ್ಲಿ ಅಂಥ ಕೋಶ ಫಾಕ್ಸ್‌ಪಿ3ಯನ್ನೂ ಸ್ವಲ್ಪ ಹೊತ್ತು ತೋರಿಸುತ್ತದೆ. ಅದಕ್ಕೇ ಟಿ-ರೆಗ್‌ನಲ್ಲಿ ಸಿಡಿ127 ಕಡಿಮೆ ಇರುವುದನ್ನೂ ಗುರುತಾಗಿ ಸೇರಿಸಿ, ಎಫ್‌ಎಂಒ ಕಂಟ್ರೋಲ್ (ಒಂದು ಆ್ಯಂಟಿಬಾಡಿ ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್) ನೋಡಿ ಗೆರೆ ಎಳೆದು, ಆ ಬ್ಯಾಚ್‌ನ ಎಲ್ಲ ಮಕ್ಕಳಿಗೂ ಅದನ್ನೇ ಇಡುತ್ತೇವೆ. ಸಿಡಿ45ಆರ್‌ಎ ಹಾಕಿದರೆ ಇನ್ನೊಂದು ಲಾಭ: ಫಾಕ್ಸ್‌ಪಿ3 ಕಡಿಮೆ, ಸಿಡಿ45ಆರ್‌ಎ ಇಲ್ಲದ ಕೋಶಗಳು ಇತರ ಕೋಶಗಳನ್ನು ತಡೆಯುವುದಿಲ್ಲ. ಅವನ್ನೂ ಟಿ-ರೆಗ್ ಲೆಕ್ಕಕ್ಕೆ ಸೇರಿಸಿದರೆ ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ರಕ್ತದ ಟಿ-ರೆಗ್ ಬಗ್ಗೆ ವರದಿಗಳು ಒಂದಕ್ಕೊಂದು ಹೊಂದದಿರಲು ಇದೂ ಒಂದು ಕಾರಣ ಎಂದೇ ನಮ್ಮ ಅಭಿಪ್ರಾಯ.

ಹೋಲಿಕೆಗೆ ವಯಸ್ಸಿನಲ್ಲಿ ಹೆಚ್ಚೆಂದರೆ ಒಂದು ವರ್ಷ ವ್ಯತ್ಯಾಸದ, ಅದೇ ಲಿಂಗದ ಆರೋಗ್ಯವಂತ ಮಗು ಬೇಕು. ಆರು ವರ್ಷದ ಮಗುವಿನ ಲಿಂಫೋಸೈಟ್ ಹದಿನಾಲ್ಕರದಕ್ಕಿಂತ ಹೆಚ್ಚು, ಸಿಡಿ45ಆರ್‌ಎ ಇರುವ ಪಾಲೂ ಹೆಚ್ಚು. ಹರ್ನಿಯಾದಂಥ ಆಪರೇಷನ್‌ಗೆ ಬಂದ ಮಕ್ಕಳಿಂದ, ಅನಸ್ತೇಷಿಯಾಕ್ಕೆ ಮುಂಚೆ, ಪೋಷಕರ ಸಹಿಯೊಂದಿಗೆ ತೆಗೆಯುತ್ತೇವೆ. ತಿಳಿವಳಿಕೆ ಬಂದ ಮಗುವಾದರೆ ಅದರ ಒಪ್ಪಿಗೆಯೂ ಬೇಕು. ಅವರಿಗೂ ಟಿಪಿಒ ಮಾಡಿಸುತ್ತೇವೆ. ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಅದು ಪಾಸಿಟಿವ್ ಬರುವುದುಂಟು. ಫಲಿತಾಂಶವನ್ನು ಶೇಕಡದಲ್ಲಿ ಮಾತ್ರವಲ್ಲ, ಮೈಕ್ರೋಲೀಟರಿಗೆ ಎಷ್ಟು ಕೋಶ ಎಂದೂ ಬರೆಯಬೇಕು. ವೈರಲ್ ಜ್ವರದ ನಂತರ ಸಿಡಿ8 ಏರಿ, ಸಿಡಿ4 ಸುಮ್ಮನಿದ್ದರೂ ಅದರ ಶೇಕಡ ಇಳಿದಂತೆ ಕಾಣುತ್ತದೆ.

ಸಾಮಾನ್ಯ ಹಾಶಿಮೊಟೊ ಮಗುವಿಗೆ ಈ ಪರೀಕ್ಷೆ ಬೇಡ. ಥೈರಾಕ್ಸಿನ್ ಪ್ರಮಾಣ ನಿರ್ಧಾರವಾಗುವುದು ಟಿಎಸ್‌ಎಚ್ ಮತ್ತು ಫ್ರೀ ಟಿ4 ಮೇಲೆ. ಹಣ ಕಟ್ಟಿ ಮಾಡಿಸಲು ಬರುವ ಪೋಷಕರಿಗೆ ಇದನ್ನೇ ಹೇಳಿ ಕಳಿಸುತ್ತೇವೆ. ಆದರೆ ಗಂಡುಮಗು, ಮೊದಲ ವರ್ಷದಲ್ಲೇ ನಿಲ್ಲದ ಭೇದಿ, ಎಕ್ಸಿಮಾ, ಸಕ್ಕರೆ ಕಾಯಿಲೆ, ಜತೆಗೆ ಥೈರಾಯ್ಡ್ ಆ್ಯಂಟಿಬಾಡಿ ಕಂಡರೆ ಐಪೆಕ್ಸ್ (ಫಾಕ್ಸ್‌ಪಿ3 ಜೀನ್ ಕೆಟ್ಟು ಬರುವ ಹುಟ್ಟು ಕಾಯಿಲೆ) ಯೋಚಿಸಬೇಕು. ಆಗ ಟಿ-ರೆಗ್ ನೋಡುವುದು ತುರ್ತು. ಫಾಕ್ಸ್‌ಪಿ3 ಸ್ಟೇನ್ ಸರಿಯಾಗಿ ಬಂತೆಂದು ಐಪೆಕ್ಸ್ ಅಲ್ಲ ಎನ್ನುವಂತಿಲ್ಲ. ಕೆಲವು ಮ್ಯುಟೇಷನ್‌ಗಳಲ್ಲಿ ಪ್ರೋಟೀನ್ ತಯಾರಾಗುತ್ತದೆ, ಕೆಲಸ ಮಾಡುವುದಿಲ್ಲ. ಅಂಥ ಮಗುವಿಗೆ ಜೀನ್ ಪರೀಕ್ಷೆಗೆಂದು ಇಡಿಟಿಎ ಟ್ಯೂಬಿನಲ್ಲಿ 2 ಮಿ.ಲೀ. ಬೇರೆ ತೆಗೆದಿಡುತ್ತೇವೆ, ಮಗುವಿಗೆ ಬೇರೆಯವರ ರಕ್ತ ಏರಿಸುವುದಿದ್ದರೆ ಅದಕ್ಕೆ ಮುಂಚೆಯೇ.