ವರ್ಷಕ್ಕಾಗುವ ಹುಣಸೆಹಣ್ಣು ಮನೆಯಲ್ಲೇ ಮಾಡಿಡುವುದು ಹೇಗೆ

ಮದುವೆಯಾಗಿ ಚಳ್ಳಕೆರೆ ಕಡೆಯ ಹಳ್ಳಿಗೆ ಬಂದ ಮೊದಲ ವರ್ಷ, ಮಾಘ ಮಾಸದ ಒಂದು ಬೆಳಗ್ಗೆ ಏಳಕ್ಕೇ ಅಂಗಳದಲ್ಲಿ ಹುಣಸೆಹಣ್ಣು ಗುಡ್ಡೆ ಹಾಕಿಕೊಂಡು ಸಿಪ್ಪೆ ಬಿಡಿಸಲು ಕೂತಿದ್ದೆ. ಒಳ್ಳೆ ಸೊಸೆ ಅನ್ನಿಸಿಕೊಳ್ಳಬೇಕಲ್ಲ! ಒಂದು ಗಂಟೆ ಕೂತರೂ ಒಂದು ಮೊರ ತುಂಬಲಿಲ್ಲ, ಉಗುರಿನ ಸಂದಿಯೆಲ್ಲ ಉರಿ. ಅತ್ತೆ ಟೀ ಲೋಟ ಹಿಡಿದು ಬಂದವರು ನೋಡಿ ನಕ್ಕರು. "ಬಿಸ್ಲು ಏರ್ಲಿ ಬಿಡವ್ವ, ಅದೇ ಬಾಯಿ ಬಿಡ್ತದೆ" ಅಂದರು.

ಅಷ್ಟೇ ವಿಷಯ. ರಾತ್ರಿ ಇಬ್ಬನಿ ಕುಡಿದ ಸಿಪ್ಪೆ ಬೆಳಗ್ಗೆ ಮೆತ್ತಗಾಗಿ ಹಣ್ಣಿಗೆ ಅಂಟಿಕೊಂಡಿರುತ್ತದೆ. ಅದೇ ಸಿಪ್ಪೆ ಮಧ್ಯಾಹ್ನ ಎರಡು ಗಂಟೆಗೆ ಹಪ್ಪಳದ ಥರ ಪುಡಿಯಾಗುತ್ತದೆ. ದಾವಣಗೆರೆಯ ನಮ್ಮ ತವರಲ್ಲಿ ಅಂಗಡಿಯಿಂದ ಹಣ್ಣು ತರುತ್ತಿದ್ದೆವು, ಇದೆಲ್ಲ ನನಗೇನು ಗೊತ್ತು.

ಮೊದಲು ಎಷ್ಟು ಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಐದಾರು ಜನರ ಮನೆಗೆ ಸಾರಿಗೆ, ಗೊಜ್ಜಿಗೆ, ಚಟ್ನಿಗೆ ಸೇರಿ ದಿನಕ್ಕೊಂದು ನಿಂಬೆಹಣ್ಣಿನ ಗಾತ್ರದ ಉಂಡೆ, ಅಂದರೆ ಸುಮಾರು 25 ಗ್ರಾಂ ಬೇಕು. ವರ್ಷಕ್ಕೆ 9 ಕೆಜಿ ಆಯಿತು. ಸಿಪ್ಪೆ, ನಾರು, ಬೀಜ ಹೋದ ಮೇಲೆ ಮರದಿಂದ ಬಿದ್ದ ಹಣ್ಣಿನ ಅರ್ಧ ತೂಕವೂ ಉಳಿಯುವುದಿಲ್ಲ, ಹಾಗಾಗಿ 25 ಕೆಜಿಯಾದರೂ ಉದುರಿಸಿ. ತವರಿಗೆ, ನಾದಿನಿ ಮನೆಗೆ ಕೊಡುವುದು ಬೇರೆ. ಹುಣಸೆ ಒಂದು ವರ್ಷ ಜಗ್ಗಿ ಹಿಡಿದರೆ ಮರುವರ್ಷ ಕೈ ಕೊಡುತ್ತದೆ, ಚೆನ್ನಾಗಿ ಹಿಡಿದ ವರ್ಷ ಸ್ವಲ್ಪ ಜಾಸ್ತಿಯೇ ಮಾಡಿಟ್ಟುಕೊಳ್ಳುವುದು ಲೇಸು.

ಮರ ನಿಮ್ಮದೇ ಹೊಲದ ಬದುವಿನದಾದರೆ ಸರಿ. ರಸ್ತೆ ಬದಿಯ ಮರವಾದರೆ ಅದರ ಫಸಲು ಹರಾಜಾಗಿದೆಯಾ ಅಂತ ಮೊದಲೇ ವಿಚಾರಿಸಿ, ಸುಮ್ನೆ ಜಗಳ ಬೇಡ.

ಹಣ್ಣಾಗಿದೆಯಾ ಅಂತ ತಿಳಿಯಲು ಒಂದು ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಸಿಪ್ಪೆ ಬಿಟ್ಟುಕೊಂಡು ಗಲಗಲ ಅಂದರೆ ಹಣ್ಣು. ಹೆಬ್ಬೆರಳಲ್ಲಿ ಒತ್ತಿದರೆ ಪಟ್ಟನೆ ಒಡೆಯಬೇಕು. ಒಡೆಯದೆ ಬಗ್ಗಿದರೆ ಅದು ದೋರಗಾಯಿ, ಮಕ್ಕಳಿಗೆ ಉಪ್ಪು ಖಾರದ ಜೊತೆ ಕೊಟ್ಟುಬಿಡಿ, ಜಾಡಿಗೆ ಬೇಡ. ಮರ ಹತ್ತುವ ಸಾಹಸ ಬೇಡವೇ ಬೇಡ. ಕೆಳಗೆ ಟಾರ್ಪಾಲ್ ಇಲ್ಲವೇ ಹಳೆ ಸೀರೆ ಹಾಸಿ ದೋಟಿಯಿಂದ ಕೊಂಬೆ ಹಿಡಿದು ಅಲ್ಲಾಡಿಸಿ. ದೊಣ್ಣೆಯಲ್ಲಿ ಬಡಿದರೆ ಎಳೆ ರೆಂಬೆ ಮುರಿಯುತ್ತದೆ, ಬೇಸಿಗೆಯಲ್ಲಿ ಚಿಗುರು ಬಿಡುವುದು ಅಲ್ಲೇ ಅಲ್ವಾ. ಹುಣಸೆ ಚಿಗುರಿನ ಸಾರು ಬೇಕು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಉದುರಿಸಿದ್ದನ್ನು ಮೂರು ನಾಲ್ಕು ದಿನ ಅಂಗಳದಲ್ಲೋ ಮಾಳಿಗೆ ಮೇಲೋ ಹರಡಿ. ಸಂಜೆ ಐದಕ್ಕೆ ಗುಡ್ಡೆ ಮಾಡಿ ಮುಚ್ಚಿ, ಇಬ್ಬನಿ ಬೀಳಬಾರದು. ನಮ್ಮ ಕಡೆ ಮಳೆ ಕಮ್ಮಿ ಅಂತ ವರ್ಷಪೂರ್ತಿ ಬೈದುಕೊಳ್ಳುತ್ತೇವೆ, ಈ ಒಂದು ಕೆಲಸಕ್ಕೆ ಮಾತ್ರ ಅದೇ ವರ. ಸಿಪ್ಪೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಒಳಗೆ ಬೀಜಕ್ಕೆ ಹುಳ ಬಿದ್ದಿದೆ, ಆಗಲೇ ಬೇರೆ ಮಾಡಿ.

ಸಿಪ್ಪೆ ಬಿಡಿಸುವುದು ಮಧ್ಯಾಹ್ನದ ಕೆಲಸ. ಗೋಣಿಚೀಲದ ಮೇಲೆ ಹಣ್ಣು ಹಾಕಿ ಕೊಡತಿಯಲ್ಲಿ ಮೆಲ್ಲಗೆ ತಟ್ಟಿ. ಜೋರಾಗಿ ಹೊಡೆದರೆ ಸಿಪ್ಪೆ ಚೂರು ಹಣ್ಣಿನೊಳಗೆ ಹೊಕ್ಕಿಕೊಳ್ಳುತ್ತದೆ, ಆಮೇಲೆ ಸಾರಲ್ಲಿ ಹಲ್ಲಿಗೆ ಸಿಕ್ಕಾಗ ಮನೆಯವರ ಮುಖ ನೋಡಲಾಗುವುದಿಲ್ಲ. ಸಿಪ್ಪೆ ಉದುರಿದ ಮೇಲೆ ತೊಟ್ಟು ಹಿಡಿದು ಎಳೆದರೆ ನಾರು ಒಟ್ಟಿಗೆ ಬರುತ್ತದೆ. ಸಿಪ್ಪೆಯನ್ನು ಎಸೆಯಬೇಡಿ, ಸ್ನಾನದ ನೀರಿನ ಒಲೆಗೆ ಚೆನ್ನಾಗಿ ಉರಿಯುತ್ತದೆ.

ಬೀಜ ತೆಗೆಯುವುದೇ ನಿಜವಾದ ಕೆಲಸ, ಇದಕ್ಕೆ ಜನ ಬೇಕು. ರಾತ್ರಿ ಮುದ್ದೆ ಉಂಡಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂರುತ್ತೇವೆ, ಪಕ್ಕದ ಮನೆಯ ದೊಡ್ಡಮ್ಮನೂ ತಮ್ಮ ಕಲ್ಲು ತಾವೇ ಹಿಡಿದುಕೊಂಡು ಬರುತ್ತಾರೆ, ನಾಳೆ ಅವರ ಮನೆಯ ಹಣ್ಣಿಗೆ ನಾವು ಹೋಗಬೇಕು, ಇದಕ್ಕೆ ಕೂಲಿ ಗೀಲಿ ಇಲ್ಲ, ಒಗ್ಗರಣೆ ಮಂಡಕ್ಕಿ ಟೀ ಅಷ್ಟೇ. ಟಿವಿ ಹಾಕಬೇಡಿ. ಧಾರಾವಾಹಿ ನೋಡುತ್ತಾ ಕುಟ್ಟಿದರೆ ಬೆರಳು ಜಜ್ಜುತ್ತದೆ, ನನ್ನ ಗಂಡ ಎರಡು ಸಲ ಜಜ್ಜಿಕೊಂಡಿದ್ದಾರೆ.

ಕೂರುವ ಮುಂಚೆ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಇಲ್ಲದಿದ್ದರೆ ಮೂರನೇ ದಿನಕ್ಕೆ ಚರ್ಮ ಸುಲಿಯುತ್ತದೆ. ಹಣ್ಣನ್ನು ಚಪ್ಪಟೆ ಕಲ್ಲಿನ ಮೇಲೆ ಅಂಚು ಮೇಲಾಗಿ ನಿಲ್ಲಿಸಿ, ಸಣ್ಣ ಕೊಡತಿಯಿಂದ ಒಂದೇ ಏಟು. ಹೊಟ್ಟೆ ಬಿರಿದು ಬೀಜ ಕಾಣುತ್ತದೆ, ಹಿಂದಿನಿಂದ ಒತ್ತಿದರೆ ಹೊರಗೆ ಬರುತ್ತದೆ. ಹಣ್ಣನ್ನು ಚಪ್ಪಟೆಯಾಗಿ ಮಲಗಿಸಿ ಹೊಡೆಯುವವರೂ ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ, ಬೀಜವೇ ಒಡೆದು ಚೂರಾಗುತ್ತದೆ.

ಮಕ್ಕಳನ್ನು ಓಡಿಸಬೇಡಿ. ಅವರಿಗೆ ಬೀಜ ಎಣಿಸುವ ಕೆಲಸ ಕೊಡಿ. ಅಳಗುಳಿ ಮಣೆಗೆ, ಚೌಕಾಬಾರಕ್ಕೆ ವರ್ಷದ ಬೀಜ ಇಲ್ಲೇ ಸಿಗುವುದು. ಚೌಕಾಬಾರಕ್ಕಾದರೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಬೇಕು. ಉಜ್ಜಿ ಬಿಸಿಯಾದ ಬೀಜವನ್ನು ಪಕ್ಕದವರ ಕೈಗೆ ಚುರ್ ಅಂತ ಮುಟ್ಟಿಸುತ್ತಾರೆ, ಆಮೇಲೆ ಅಳು, ರಂಪ. ಅದೆಲ್ಲ ಇದ್ದದ್ದೇ.

ಈಗ ನಾನು ಕೆಟ್ಟ ಕಡೆ ಬರುತ್ತೇನೆ. ಎರಡನೇ ವರ್ಷ ಬೀಜ ತೆಗೆದ ರಾತ್ರಿಯೇ, ಮೈ ಹಗುರಾಗಲಿ ಅಂತ, ಹಣ್ಣನ್ನೆಲ್ಲ ಸ್ಟೀಲ್ ಡಬ್ಬಿಗೆ ಒತ್ತಿ ಮುಚ್ಚಿಬಿಟ್ಟೆ. ಉಪ್ಪು ಆಮೇಲೆ ಹಾಕಿದರಾಯಿತು ಅಂತ. ಜೂನ್ ಹೊತ್ತಿಗೆ ಮೇಲೆಲ್ಲ ಬೂಜು, ಡಬ್ಬಿಯ ಒಳಗೆ ಅಲ್ಲಲ್ಲಿ ಕಪ್ಪು ಚುಕ್ಕೆ. ಮೂರು ಕೆಜಿ ತಿಪ್ಪೆಗೆ ಹೋಯಿತು. ಅತ್ತೆ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಹಾಗಾಗಿ ಬೀಜ ತೆಗೆದ ಹಣ್ಣನ್ನು ಮತ್ತೆ ಎರಡು ಬಿಸಿಲು ಕಾಯಿಸಿ. ಬೆರಳಿಗೆ ಅಂಟಬೇಕು, ಆದರೆ ಒದ್ದೆ ಅನ್ನಿಸಬಾರದು. ಕಲ್ಲುಪ್ಪನ್ನೂ ಒಂದು ದಿನ ಒಣಗಿಸಿ, ಕೆಜಿ ಹಣ್ಣಿಗೆ 100 ಗ್ರಾಂ ಲೆಕ್ಕದಲ್ಲಿ ಬೆರೆಸಿ. ಪುಡಿ ಉಪ್ಪಿಗಿಂತ ಕಲ್ಲುಪ್ಪೇ ನನಗೆ ಹಿಡಿಸಿದ್ದು. ಆಮೇಲೆ ಬಿಗಿಯಾಗಿ ಉಂಡೆ ಕಟ್ಟಿ ಪಿಂಗಾಣಿ ಜಾಡಿಗೋ ಮಣ್ಣಿನ ಗಡಿಗೆಗೋ ಒಂದರ ಮೇಲೊಂದು ಒತ್ತಿ, ಮಧ್ಯೆ ಗಾಳಿ ನಿಲ್ಲದ ಹಾಗೆ. ಹುಳಿ ಲೋಹವನ್ನು ತಿನ್ನುತ್ತದೆ, ಕಬ್ಬಿಣ ಅಲ್ಯೂಮಿನಿಯಂ ಹತ್ತಿರವೂ ಬೇಡ. ಮೇಲೆ ಒಂದು ಹಿಡಿ ಉಪ್ಪು ಹರಡಿ, ಬಟ್ಟೆ ಕಟ್ಟಿ, ಮುಚ್ಚಳ ಹಾಕಿ. ತೆಗೆಯುವಾಗ ಕೈ ಒಣಗಿರಲಿ.

ಬೀಜದ ಕಥೆ ಬೇರೆ. ಹುರಿದು ಸಿಪ್ಪೆ ತೆಗೆದು ನೆನೆಹಾಕಿ ಉಪ್ಪು ಬೆರೆಸಿದರೆ ಬಾಯಿಗೆ ಹಾಕಿಕೊಂಡು ಗಂಟೆಗಟ್ಟಲೆ ಜಗಿಯಬಹುದು, ಹಲ್ಲು ಗಟ್ಟಿ ಇದ್ದರೆ ಮಾತ್ರ. ಉಳಿದದ್ದನ್ನು ಮಾರಿಬಿಡಿ. ಕಂಬಳಿ ನೇಯುವವರು ಹುಣಸೆ ಬೀಜ ಬೇಯಿಸಿ ಅರೆದು ಸರಿ, ಅಂದರೆ ಅಂಟು ಗಂಜಿ, ಮಾಡಿ ಉಣ್ಣೆಗೆ ಹಚ್ಚುತ್ತಾರೆ, ನಮ್ಮ ಚಳ್ಳಕೆರೆ ಕಂಬಳಿ ಬಿಗಿಯಾಗಿ ನಿಲ್ಲುವುದು ಆ ಸರಿಯಿಂದ.

ಇಷ್ಟೂ ಕೆಲಸ, ಶಿವರಾತ್ರಿ ಕಳೆದು ಫಾಲ್ಗುಣದಲ್ಲಿ ಬರುವ ನಾಯಕನಹಟ್ಟಿ ತಿಪ್ಪೇಶನ ತೇರಿಗೆ ಮುಂಚೆಯೇ ಮುಗಿಸಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತೆ ಅನ್ನುತ್ತಾರಲ್ಲ, ಆಮೇಲೆ ಮಧ್ಯಾಹ್ನ ಅಂಗಳದಲ್ಲಿ ಕೂರಲು ಆಗುವುದಿಲ್ಲ, ತೇರಿಗೆ ನೆಂಟರು ಬಂದರಂತೂ ಹಣ್ಣು ಹರಡಲು ಜಾಗವೂ ಇರುವುದಿಲ್ಲ.

ಹೊಸ ಜಾಡಿಯನ್ನು ತಕ್ಷಣ ತೆರೆಯಬೇಡಿ, ಹಳೆಯದು ಮುಗಿಯಲಿ. ತಳದಲ್ಲಿ ಕಪ್ಪಾಗಿ ಉಳಿದ ಒಂದೆರಡು ಉಂಡೆ ಸಾರಿಗೆ ಬೇಡ ಅನ್ನಿಸಿದರೆ ತೆಗೆದಿಡಿ. ಯುಗಾದಿಗೆ ತಾಮ್ರದ ಹಂಡೆ ತಿಕ್ಕಬೇಕಲ್ಲ.