ಗೋಕಟ್ಟೆಯ ಕಾಲುದಾರಿ ಮತ್ತೆ ತೆರೆದ ಬಗೆ

"ತೆರವು ಮಾಡಿದ ಕಾಲುದಾರಿ ಎರಡು ಮಳೆಗಾಲ ದಾಟುವುದಿಲ್ಲ" ಎಂದು ಊರಿನ ಹಿರಿಯರು ಹೇಳಿದ್ದರು. ಮೂರನೆಯದೂ ಮುಗಿಯಿತು. ಶಿರಾ ಸೀಮೆಯ ನಮ್ಮೂರಿನಿಂದ ಗೋಮಾಳದ ನಡುವೆ ಸಾಗಿ, ದನಕರು ನೀರು ಕುಡಿಯುವ ಹಳೆಯ ಗೋಕಟ್ಟೆಯ ಏರಿ ಹತ್ತಿ, ಕೆರೆಕೋಡಿ ಮುಟ್ಟುವ ಸುಮಾರು ಒಂದೂವರೆ ಕಿಲೋಮೀಟರ್ ದಾರಿಯಲ್ಲಿ ಇಂದು ಬೆಳಿಗ್ಗೆಯೂ ಬರಿಗಾಲಲ್ಲಿ ನಡೆದು ಬಂದೆ.

ಗ್ರಾಮನಕ್ಷೆಯಲ್ಲಿ ಅದು ಒಂಟಿ ಚುಕ್ಕೆಗೆರೆಯಾಗಿ ಉಳಿದೇ ಇತ್ತು. ನೆಲದ ಮೇಲೆ ಮಾತ್ರ ಲಂಟಾನ, ಬಳ್ಳಾರಿ ಜಾಲಿ. ಮೊದಲ ವರ್ಷ ಜೆಸಿಬಿ ತರಿಸಿದೆ. ಹೆಚ್ಚುಕಡಿಮೆ ಏಳು ಸಾವಿರ ಹೋಯಿತು. ಮುಂಗಾರು ಬಿದ್ದು ತಿಂಗಳೊಪ್ಪತ್ತಿಗೆ ಲಂಟಾನ ಮೊಣಕಾಲೆತ್ತರ ಚಿಗುರಿತು. ಹಣಕ್ಕಿಂತ ಹೆಚ್ಚು ನೋವಾದದ್ದು ಗೋಕಟ್ಟೆಯ ಕಲ್ಲುಗಳು ಸಡಿಲವಾದದ್ದು. ಅಜ್ಜಂದಿರ ಕಾಲದ ಆ ಕಲ್ಲುಗಳನ್ನು ಮತ್ತೆ ಕೂರಿಸಲು ಇನ್ನೂ ಎರಡೂವರೆ ಸಾವಿರ ತೆತ್ತೆ. ಮರುವರ್ಷ ಮಚ್ಚಿನಲ್ಲಿ ಸವರಿಸಿದೆ, ಕೂಲಿ ಒಂಬತ್ತು ಸಾವಿರದ ಆಸುಪಾಸು. ಕಡಿದ ಒಂದೊಂದು ಬುಡದಲ್ಲೂ ಏಳೆಂಟು ಚಿಗುರು!

ಆಮೇಲೆ ಪಿಕಾಸಿ ಹಿಡಿದೆ. ಲಂಟಾನದ ಬುಡದ ಮಣ್ಣು ಬಿಡಿಸಿ, ನೆಲದಿಂದ ನಾಲ್ಕು ಬೆರಳು ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಟ್ಟೆ. ಬೇರು ಮಣ್ಣು ಮುಟ್ಟಬಾರದು, ಅಷ್ಟೇ. ಇಬ್ಬರು ದಿನಕ್ಕೆ ಎಂಬತ್ತು ಬುಡ ಕೀಳಬಹುದು.

ಆದರೆ ದಾರಿ ಉಳಿದದ್ದು ಗೊರಸುಗಳಿಂದ. ಸಂಜೆ ಕುರಿಹಿಂಡುಗಳು ಡಾಂಬರು ರಸ್ತೆಯಲ್ಲೇ ಮರಳುತ್ತಿದ್ದವು. ಗೋಕಟ್ಟೆಗೆ ದಾರಿಯ ಕಡೆಯಿಂದಲೇ ನೀರಿಗಿಳಿಯುವ ಇಳಿಜಾರು ಮಾಡಿಸಿದೆ. "ಕುರಿ ಹೊಸ ಜಾಗಕ್ಕೆ ಬರುವುದಿಲ್ಲ ಅಣ್ಣ" ಎಂದು ಕುರಿಗಾಹಿ ತಲೆಯಾಡಿಸಿದ. ಹಿಂಡಿನ ಮುಂದೆ ನಡೆಯುವ ಹೋತ ಬಂದರೆ ಸಾಕು, ಹಿಂಡು ಹಿಂದೆಯೇ ಬರುತ್ತದೆ. ಆ ಹೋತವನ್ನು ಮೊದಲ ಮೂರು ಸಂಜೆ ಹೇಗೆ ಕರೆತಂದೆ ಎಂಬುದು ನನ್ನಲ್ಲೇ ಇರಲಿ. ಈಗ ಇನ್ನೂರಕ್ಕೂ ಹೆಚ್ಚು ಕುರಿಗಳು ದಿನವೂ ತುಳಿಯುತ್ತವೆ. ಅಂಚಿನಲ್ಲಿ ಗರಿಕೆ ಹಾಸಿಕೊಂಡಿದೆ.

ಒಂದು ತೊಡಕು: ಕುರಿ ತಿಂದ ಜಾಲಿಕಾಯಿಯ ಬೀಜ ಹಿಕ್ಕೆಯೊಂದಿಗೆ ದಾರಿಯಲ್ಲೇ ಮೊಳೆಯುತ್ತದೆ. ಮೊದಲ ಮಳೆಯ ಮರುವಾರ ಕೈಯಿಂದಲೇ ಕೀಳಬೇಕು. ತಡಮಾಡಿದರೆ ಮುಳ್ಳು ಬಲಿಯುತ್ತದೆ.

ಏರಿ ಕೊರೆಯದಿರಲೆಂದು ಲಾವಂಚವನ್ನೂ ನೆಟ್ಟು ನೋಡಿದೆ. ಅರವತ್ತು ಬುಡಗಳಲ್ಲಿ ನಲವತ್ತರಷ್ಟು ಹಿಡಿದವು, ಉಳಿದವನ್ನು ಎಮ್ಮೆಗಳು ತುಳಿದವು. ಈ ಸಲ ಸುತ್ತ ಕಾರೆಮುಳ್ಳು ಕಟ್ಟಿದ್ದೇನೆ.

ಕೋಡಿಯಾಚೆ ಇನ್ನೂ ಮುನ್ನೂರು ಅಡಿ ಬಾಕಿ ಇದೆ. ಅಲ್ಲಿ ನಕ್ಷೆಯ ಗೆರೆ ಒಬ್ಬರ ಅಡಿಕೆ ತೋಟದೊಳಗೆ ಹೋಗುತ್ತದೆ. ಎರಡು ಸಲ ಹೋಗಿ ಕೂತು ಮಾತನಾಡಿದ್ದೇನೆ. ಮೊನ್ನೆ ಬೇಲಿಯ ಒಂದು ಕಲ್ಲುಕಂಬವನ್ನು ಅವರೇ ಕಿತ್ತಿಟ್ಟಿದ್ದರು.