ಮೂರನೇ ಹಸಿರು ದೀಪ ಹತ್ತದಿದ್ದರೆ

ಚಕ್ರ ಮಡಚಿಕೊಂಡು ಹಾರುವ ಪುಟ್ಟ ವಿಮಾನಗಳಲ್ಲಿ ಪೈಪರ್ ಆ್ಯರೋ ಹೆಸರುವಾಸಿ. ಇಳಿಯುವ ಮುಂಚೆ ಗೇರ್ ಲಿವರ್ (ಚಕ್ರ ಇಳಿಸುವ ಹಿಡಿ) ಕೆಳಗೆ ಮಾಡಿದರೆ ಮೂರು ಹಸಿರು ದೀಪ ಹತ್ತಬೇಕು, ಚಕ್ರಕ್ಕೊಂದು. ಎರಡೇ ಹತ್ತಿದರೆ? (ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರ ಪುಟ್ಟ ವಿಮಾನ ಹನ್ಸಾದಲ್ಲಿ ಈ ತಲೆನೋವಿಲ್ಲ. ಅದರ ಚಕ್ರ ಮಡಚುವುದೇ ಇಲ್ಲ.)

ಮೊದಲು ಇಳಿಯುವುದನ್ನು ಕೈಬಿಟ್ಟು ಮೇಲೇರಿ, ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ಗೆ ತಿಳಿಸಿ. ದೀಪ ಆಮೇಲೆ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ನ 401 ನಂಬರಿನ ವಿಮಾನದಲ್ಲಿ ಮುಂದಿನ ಚಕ್ರದ ದೀಪ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಅದರ ಹಿಂದೆ ಬಿದ್ದರು. ವಿಮಾನ ನಿಧಾನಕ್ಕೆ ಕೆಳಗಿಳಿಯುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಫ್ಲಾರಿಡಾದ ಜೌಗಿನಲ್ಲಿ ಬಿದ್ದು ನೂರು ಜನಕ್ಕೂ ಜಾಸ್ತಿ ಸತ್ತರು. ಚಕ್ರ ಸರಿಯಾಗೇ ಇಳಿದಿತ್ತು. ಸುಟ್ಟುಹೋಗಿದ್ದು ಬಲ್ಬು, ಅಷ್ಟೇ.

ಎತ್ತರ ಸಿಕ್ಕ ಮೇಲೆ ಬಲ್ಬಿನ ಮೇಲೇ ಮೊದಲ ಅನುಮಾನ ಇರಲಿ. ಹಗಲಲ್ಲಿ ಪ್ಯಾನೆಲ್ ಲೈಟ್ ಆನ್ ಇದೆಯಾ ನೋಡಿ. ರಾತ್ರಿ ಕಣ್ಣು ಕುಕ್ಕಬಾರದು ಅಂತ ಅದು ಗೇರ್ ದೀಪಗಳನ್ನು ಮಂಕು ಮಾಡುತ್ತದೆ. ಬಿಸಿಲಿಗೆ ಹತ್ತಿದ್ದೂ ಹತ್ತದ ಹಾಗೇ ಕಾಣುತ್ತದೆ. ಆಫ್ ಮಾಡಿದರೂ ಕತ್ತಲೇ? ಉರಿಯುತ್ತಿರುವ ಬಲ್ಬು ಕಿತ್ತು ಆ ಜಾಗಕ್ಕೆ ಹಾಕಿ. ಹತ್ತಿದರೆ ಕಥೆ ಮುಗಿಯಿತು. ಇಲ್ಲದಿದ್ದರೆ ಮಾಸ್ಟರ್ ಸ್ವಿಚ್, ಸರ್ಕ್ಯೂಟ್ ಬ್ರೇಕರ್ ನೋಡಿ.

ಇನ್ನೂ ಆಗಲಿಲ್ಲವೆಂದರೆ ತುರ್ತು ಲಿವರ್ ಇದೆ, ಮುಂದಿನ ಎರಡು ಸೀಟುಗಳ ನಡುವೆ. ಆ್ಯರೋದ ಚಕ್ರವನ್ನು ಮೇಲೆ ಹಿಡಿದಿಡುವುದು ಹೈಡ್ರಾಲಿಕ್ ಒತ್ತಡ ಮಾತ್ರ, ಕೊಕ್ಕೆ ಗಿಕ್ಕೆ ಏನಿಲ್ಲ. ಒತ್ತಡ ಬಿಟ್ಟರೆ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಆದರೆ ವೇಗ ಜಾಸ್ತಿ ಇದ್ದರೆ ಎದುರುಗಾಳಿ ಅದನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ. ಹಾಗಾಗಿ ಆ್ಯರೋ 3 ಮಾದರಿಯಲ್ಲಿ ವೇಗ 87 ನಾಟ್‌ಗಿಂತ (ಗಂಟೆಗೆ ಸುಮಾರು 160 ಕಿ.ಮೀ.) ಕೆಳಗೆ ತನ್ನಿ. ಗೇರ್ ಲಿವರ್ ಕೆಳಗೇ ಇರಲಿ, ತುರ್ತು ಲಿವರ್ ಒತ್ತಿ ಹಿಡಿಯಿರಿ. ಆಗಲೂ ಚಕ್ರ ಪೂರ್ತಿ ಇಳಿದು ಲಾಕ್ ಆಗದಿದ್ದರೆ ರಡರ್ ಪೆಡಲ್ ತುಳಿದು ಮೂಗನ್ನು ಎಡಕ್ಕೆ, ಬಲಕ್ಕೆ ಜೋರಾಗಿ ಆಡಿಸಿ. ಎಷ್ಟೋ ಸಲ ಅದೇ ಸಾಕಾಗುತ್ತದೆ.

ಟವರ್ ಪಕ್ಕದಲ್ಲಿ ತಗ್ಗಿ ಹಾರಿದರೆ ಅವರು ಚಕ್ರ ನೋಡಿ ಹೇಳಬಹುದು. ಲಾಕ್ ಆಗಿದೆಯೋ ಇಲ್ಲವೋ ಅಂತ ಮಾತ್ರ ಕೆಳಗಿನಿಂದ ಗೊತ್ತಾಗುವುದಿಲ್ಲ.

ಕೊನೆಗೂ ಚಕ್ರ ಬರಲಿಲ್ಲವೇ? ಉದ್ದದ ರನ್‌ವೇ, ಅಗ್ನಿಶಾಮಕದವರು ಇರುವ ಕಡೆ ಹೋಗಿ. ಬೆಲ್ಟ್ ಬಿಗಿದುಕೊಳ್ಳಿ. ಪ್ರೊಪೆಲರ್ ಉಳಿಸಲು ಗಾಳಿಯಲ್ಲೇ ಎಂಜಿನ್ ನಿಲ್ಲಿಸುವ ಸಾಹಸ ಸುಮ್ನೆ ಬೇಡ. ಅದರ ಖರ್ಚು ವಿಮೆಯವರು ನೋಡಿಕೊಳ್ಳಲಿ. ರನ್‌ವೇ ಖಂಡಿತ ಸಿಗುತ್ತದೆ ಅಂದಾಗ ಇಂಧನ, ಮಾಸ್ಟರ್ ಸ್ವಿಚ್ ಆಫ್ ಮಾಡಿ, ನಿಂತ ಕೂಡಲೇ ಇಳಿದು ದೂರ ಹೋಗಿ.